ಏಳು ಬಾವಿ, ಎರಡು ಗಂಟೆ ಕತ್ತಲೆ: ಒಂದು ಊರಿನ ಬೆಳಕಿನ ಪ್ರಕರಣ

ಮಧುಗಿರಿ ಕಡೆಯ ಒಂದು ಹಳ್ಳಿ, ಇನ್ನೂರು ಚಿಲ್ಲರೆ ಮನೆ. ಅಲ್ಲಿನ ಪ್ರೌಢಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಈ ಊರಲ್ಲಿ ಒಂದು ಕಾಲಕ್ಕೆ ಏಳು ಸೇದೋ ಬಾವಿಗಳಿದ್ದವು. ಕೊಳವೆ ಬಾವಿಗಳು ಬಂದಮೇಲೆ ಒಂದೊಂದಾಗಿ ಬತ್ತಿದವು, ಬತ್ತಿದ್ದನ್ನೆಲ್ಲ ಮುಚ್ಚಿದರು. ಒಂದರ ಮೇಲೆ ಈಗ ಶುದ್ಧ ನೀರಿನ ಘಟಕ ನಿಂತಿದೆ. ಒಂದು ಸಿಮೆಂಟ್ ರಸ್ತೆಯೊಳಗೆ ಸೇರಿಹೋಯಿತು. ಇನ್ನೊಂದು ಯಾರದೋ ತಿಪ್ಪೆಯ ಕೆಳಗಿದೆ. ಊರ ಮುಂದಿನದೊಂದೇ ಬಾಯಿ ತೆರೆದುಕೊಂಡು ಉಳಿದಿದೆ, ಅದೂ ಒಣಗಿದ್ದು. ಮೇಲೆ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ. ನನ್ನ ತರಗತಿಯ ಮಕ್ಕಳಿಗೆ ಉಳಿದ ಆರು ಎಲ್ಲಿದ್ದವು ಅನ್ನುವುದೇ ಗೊತ್ತಿರಲಿಲ್ಲ.

ಹೋದ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬದ ರಾತ್ರಿ, ಏಳರಿಂದ ಒಂಬತ್ತರವರೆಗೆ, ಆ ಏಳೂ ಬಾವಿಗಳ ಜಾಗದಲ್ಲಿ ಬೆಳಕಿನ ಕೆಲಸ ಮಾಡಿದೆವು. ಒಟ್ಟು ಖರ್ಚು 6,870 ರೂಪಾಯಿ. ಕೈಯಲ್ಲಿ ದುಡ್ಡಿಲ್ಲದೆ ಊರಿನ ಬಯಲಲ್ಲಿ ಬೆಳಕಿನಿಂದ ಏನಾದರೂ ಮಾಡಬೇಕು ಅಂದುಕೊಂಡಿರುವ ಮೇಷ್ಟ್ರುಗಳಿಗೆ, ಕಲಾವಿದರಿಗೆ, ಯುವಕ ಸಂಘದವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಕೆಟ್ಟದ್ದನ್ನೂ ಸೇರಿಸಿ.

ಆ ರಾತ್ರಿಯನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ಕಡೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಗಂಗೆ ಪೂಜೆ ಮಾಡಿ ಹೊಸ ನೀರು ತುಂಬುತ್ತಾರೆ. ಬಾವಿ ಇದ್ದ ಕಾಲದಲ್ಲಿ ಆ ಪೂಜೆ ಬಾವಿಕಟ್ಟೆಯಲ್ಲೇ ಆಗುತ್ತಿತ್ತು, ಈಗ ನಲ್ಲಿಗೆ ಕುಂಕುಮ ಇಡುತ್ತಾರೆ. ಎರಡನೆಯದು, ಅದು ಬಹುಳ ತ್ರಯೋದಶಿ. ಚಂದ್ರ ಮೂಡುವುದು ಬೆಳಗಿನ ಜಾವಕ್ಕೆ. ಸಂಜೆಯಿಡೀ ಗಟ್ಟಿ ಕತ್ತಲೆ, ಅದೂ ಪುಕ್ಕಟೆ. ಬೆಳಕಿನ ಕೆಲಸ ಮಾಡುವವರು ಪಂಚಾಂಗ ನೋಡದೆ ದಿನ ಗೊತ್ತು ಮಾಡಬಾರದು.

ಮೊದಲ ಯೋಜನೆ, ಅದು ಬಿದ್ದ ಬಗೆ

ಶುರುವಿನಲ್ಲಿ ನನ್ನ ತಲೆಯಲ್ಲಿದ್ದದ್ದು ಬೇರೆಯೇ. ಊರ ನಡುವೆ ಹಳೇ ಗೋದಾಮಿನ ದೊಡ್ಡ ಗೋಡೆಯಿದೆ: 12 ಮೀಟರ್ ಅಗಲ, 6 ಮೀಟರ್ ಎತ್ತರ, ಗಾರೆ ಇಲ್ಲದ ಕಲ್ಲುಗೋಡೆ. ಅದರ ಮೇಲೆ ಬಾವಿಗಳ ಕಥೆಯನ್ನೆಲ್ಲ ಒಂದೇ ದೊಡ್ಡ ಚಿತ್ರವಾಗಿ ಬಿಡೋಣ ಅಂದುಕೊಂಡೆ. ಪರಿಚಯದ ಕಾಲೇಜೊಂದರಿಂದ 3,300 ಲುಮೆನ್ಸಿನ ಪ್ರೊಜೆಕ್ಟರ್ ಎರವಲು ಸಿಕ್ಕಿತು (ಲುಮೆನ್ ಅಂದರೆ ದೀಪ ಬಿಡುವ ಒಟ್ಟು ಬೆಳಕಿನ ಅಳತೆ). ಒಂದು ಸಂಜೆ ಇಟ್ಟು ನೋಡಿದೆವು. ಗೋಡೆಯ ಮೇಲೆ ಏನೋ ಇದೆ ಅನ್ನಿಸಿತು, ಏನೆಂದು ಕಾಣಲಿಲ್ಲ.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಆ ಗೋಡೆ 72 ಚದರ ಮೀಟರ್. 3,300 ಲುಮೆನ್ಸನ್ನು ಅಷ್ಟಕ್ಕೂ ಹರಡಿದರೆ ಚದರ ಮೀಟರಿಗೆ 46 ಬರುತ್ತದೆ, ಅಂದರೆ 46 ಲಕ್ಸ್, ಅದೂ ಲ್ಯಾಂಪು ಹೊಸದಾಗಿದ್ದರೆ. ದೇವಸ್ಥಾನದ ಮುಂದಿನ ಹೈಮಾಸ್ಟ್ ದೀಪ, ಎರಡು ಬೀದಿದೀಪ ಸೇರಿ ಅದೇ ಗೋಡೆಗೆ 15ರಿಂದ 20 ಲಕ್ಸ್ ಚೆಲ್ಲುತ್ತಿದ್ದವು. ಇದನ್ನು ಅಳೆದದ್ದು ಮೊಬೈಲಿನ ಲಕ್ಸ್ ಮೀಟರ್ ಆ್ಯಪಿನಲ್ಲಿ. ಕರಾರುವಾಕ್ಕಲ್ಲ, ಒಂದು ಜಾಗಕ್ಕೂ ಇನ್ನೊಂದಕ್ಕೂ ಹೋಲಿಸುವುದಕ್ಕೆ ಸಾಕು. ಚಿತ್ರದ ಕಪ್ಪು ಭಾಗ ಅಂದರೆ ಪ್ರೊಜೆಕ್ಟರ್ ಬೆಳಕು ಬಿಡದ ಭಾಗ, ಅಷ್ಟೇ. ಪ್ರೊಜೆಕ್ಟರ್ ಕಪ್ಪನ್ನು ಬಳಿಯಲಾರದು. ಬೀದಿದೀಪ ಅಲ್ಲಿ ಬಿದ್ದಿದ್ದರೆ ನಮ್ಮ ಕಪ್ಪು ಬೂದಿಯಾಗುತ್ತದೆ, ಚಿತ್ರ ತೊಳೆದುಹೋಗುತ್ತದೆ. ಅದರ ಮೇಲೆ ಕಲ್ಲುಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ನುಂಗಿಬಿಡುತ್ತದೆ. ಸುಣ್ಣ ಬಳಿದ ಗೋಡೆ ಬಹುಪಾಲನ್ನು ವಾಪಸ್ ಕೊಡುತ್ತದೆ. ಇನ್ನು ದೂರ: ಆ ಪ್ರೊಜೆಕ್ಟರಿನ ಥ್ರೋ 1.9, ಅಂದರೆ ಒಂದು ಮೀಟರ್ ಅಗಲದ ಚಿತ್ರಕ್ಕೆ 1.9 ಮೀಟರ್ ಹಿಂದಕ್ಕೆ ಹೋಗಬೇಕು. 12 ಮೀಟರ್ ಅಗಲಕ್ಕೆ 23 ಮೀಟರ್. ಬಸ್ಸು ತಿರುಗುವ ಜಾಗದ ನಟ್ಟನಡುವೆ.

ಇದಕ್ಕೆ ತಕ್ಕ ದೊಡ್ಡ ಪ್ರೊಜೆಕ್ಟರಿನ ಬಾಡಿಗೆ ವಿಚಾರಿಸಿದೆ. ಹಳೇ ವಿದ್ಯಾರ್ಥಿಗಳು ಕೂಡಿಸಿಕೊಟ್ಟಿದ್ದ 8,000ದ ಹಲವು ಪಟ್ಟು ಹೇಳಿದರು. ಆ ರಾತ್ರಿ ಮನೆಗೆ ಹೋಗುವಾಗ ಕೈಬಿಡೋಣ ಅಂತಲೇ ಇತ್ತು.

ದಾರಿ ತೋರಿಸಿದ್ದು ಶಾಲೆಯ ಬಕೆಟ್ಟು. ಮಧ್ಯಾಹ್ನ ಊಟಕ್ಕೆ ಮುಂಚೆ ಕೈತೊಳೆಯಲು ಜಗುಲಿಯ ಅಂಚಿಗೆ ಇಟ್ಟಿದ್ದ ನೀರಿನ ಮೇಲೆ ಬಿಸಿಲು ಬಿದ್ದು, ಮೇಲಿನ ಸೂರಿನಲ್ಲಿ ಬೆಳಕಿನ ಬಲೆ ಆಡುತ್ತಿತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ಕತ್ತೆತ್ತಿ ನಿಂತುಬಿಟ್ಟಿದ್ದಳು. ‘ಏನೇ ಅದು?’ ಅಂದೆ. ‘ನೀರು, ಸಾರ್. ಮೇಲೈತೆ’ ಅಂದಳು.

ಮುಚ್ಚಿಹೋದ ಬಾವಿಯ ಜಾಗದಲ್ಲಿ ಒಂದು ಹರಿವಾಣ ನೀರಿಟ್ಟು, ಅದಕ್ಕೆ ದೀಪ ಹಾಯಿಸಿ, ಪಕ್ಕದ ಮನೆಯ ಸುಣ್ಣದ ಗೋಡೆಯ ಮೇಲೆ ಆ ನೀರನ್ನು ಆಡಿಸಿದರೆ? ಬಾವಿಯ ಚಿತ್ರ ತೋರಿಸುವ ಬದಲು, ಬಾವಿ ಇದ್ದಲ್ಲಿಗೇ ನೀರು ತಂದಿಡುವುದು.

ಹರಿವಾಣ, ಕನ್ನಡಿ, ಡ್ರಿಪ್ ಸೆಟ್ಟು

ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಯಾರು ಬೇಕಾದರೂ ನಾಳೆಯೇ ಮಾಡಬಹುದಾದದ್ದು ಇದು.

ಅಗಲವಾದ ಹರಿವಾಣದ ಒಳಗೆಲ್ಲ ಕಪ್ಪು ಬಣ್ಣ. ತಳದಲ್ಲಿ ಎಂಟಿಂಚಿನ ಕನ್ನಡಿ, ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕತ್ತರಿಸಿಕೊಟ್ಟದ್ದು. ಕನ್ನಡಿಯ ಬೆನ್ನಿಗೂ ಅಂಚಿಗೂ ಬಣ್ಣ ಬಳಿದು ಒಣಗಿಸಬೇಕು. ಹಾಗೇ ನೀರಲ್ಲಿಟ್ಟರೆ ಹಿಂದಿನ ಬೆಳ್ಳಿ ಏಳಬಹುದು. ಅದರ ಮೇಲೆ ಎರಡು ಬೆರಳು ನೀರು. ಅಲೆ ಅಂಚಿಗೆ ಬಡಿದು ವಾಪಸ್ ಬಂದರೆ ಉಂಗುರಗಳೆಲ್ಲ ಕಲಸಿಹೋಗುತ್ತವೆ. ಅದಕ್ಕೆ ಸುತ್ತ ಹಳೇ ಟವಲ್ಲನ್ನು ಸುರುಳಿ ಮಾಡಿ ಇಟ್ಟೆವು, ಬಂದ ಅಲೆಯನ್ನು ಅದು ಹೀರಿಕೊಂಡಿತು.

ದೀಪದ ವಿಷಯದಲ್ಲಿ ಮೊದಲು ತಪ್ಪಿದೆವು. 10 ವ್ಯಾಟಿನ ಎಲ್‌ಇಡಿ ತಂದೆ, ಒಂಬತ್ತು ಕಾಳುಗಳನ್ನು ಚೌಕಾಕಾರವಾಗಿ ಜೋಡಿಸಿದ್ದು. ಗೋಡೆಯ ಮೇಲೆ ಬರೀ ಮಂಕು ಬೆಳಕು ಅಲ್ಲಾಡಿತು. ನೀರಿನ ಗೆರೆಗಳೇ ಇಲ್ಲ. ಬೆಳಕು ಹುಟ್ಟುವ ಜಾಗ ಎಷ್ಟು ಚಿಕ್ಕದೋ ಗೆರೆ ಅಷ್ಟು ಚೂಪು, ಲೆಕ್ಕ ಸರಳವಾಗಿದೆ. ದೀಪದಿಂದ ನೀರಿಗೆ ಅರ್ಧ ಮೀಟರ್, ನೀರಿನಿಂದ ಗೋಡೆಗೆ ನಾಲ್ಕು ಮೀಟರ್ ಅಂದರೆ ಎಂಟು ಪಟ್ಟು. ಒಂದು ಸೆಂಟಿಮೀಟರ್ ಅಗಲದ ದೀಪ ಗೋಡೆಯ ಮೇಲೆ ಪ್ರತಿ ಗೆರೆಯನ್ನೂ ಎಂಟು ಸೆಂಟಿಮೀಟರಿನಷ್ಟು ಮಸುಕು ಮಾಡುತ್ತದೆ. ಎರಡು ಮಿಲಿಮೀಟರಿನ ಒಂದೇ ಕಾಳಿನ ಎಲ್‌ಇಡಿಯಾದರೆ ಆ ಮಸುಕು ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಬೈಕಿಗೆ ಹಾಕಿಸುವ 12 ವೋಲ್ಟಿನ ಫಾಗ್ ಲೈಟುಗಳಲ್ಲಿ ಒಂದೇ ಕಾಳಿನವು ಸಿಗುತ್ತವೆ. ಅವುಗಳ ಮುಂದಿನ ಲೆನ್ಸನ್ನು ತಿರುಗಿಸಿ ತೆಗೆದು, ಮೂರಿಂಚಿನ ಪಿವಿಸಿ ಪೈಪಿನ ತುಂಡಿನೊಳಗೆ ಕೂರಿಸಿ, ಪೈಪಿನ ಒಳಮೈಗೆ ಕಪ್ಪು ಬಳಿದೆವು. ದೀಪದ ನೇರ ಬೆಳಕು ಗೋಡೆಗಾಗಲಿ ನೋಡುವವರ ಕಣ್ಣಿಗಾಗಲಿ ಬೀಳುವುದಿಲ್ಲ, ಕೆಳಮುಖವಾಗಿದ್ದರಿಂದ ಸಣ್ಣ ಹನಿಗೂ ಹೆದರಬೇಕಿಲ್ಲ.

ಕರೆಂಟು? ಏಳು ಜಾಗಕ್ಕೆ ವೈರ್ ಎಳೆಯುವ ಮಾತೇ ಇರಲಿಲ್ಲ. ಊರಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಇಲ್ಲದ ರೈತನ ಮನೆ ಹುಡುಕಬೇಕು. ಅದರೊಳಗೆ 12 ವೋಲ್ಟ್, 8 ಆಂಪಿಯರ್-ಅವರಿನ ಬ್ಯಾಟರಿ ಇರುತ್ತದೆ. 10 ವ್ಯಾಟಿನ ದೀಪ ಎಳೆಯುವುದು ಒಂದು ಆಂಪಿಯರಿಗಿಂತ ಕಡಿಮೆ. ಅರ್ಧ ಚಾರ್ಜು ಸಾಕು, ನಾಲ್ಕು ಗಂಟೆ ಉರಿಯುತ್ತದೆ. ಐದು ಬ್ಯಾಟರಿಯನ್ನು ಐದು ಮನೆಯವರು ಕೊಟ್ಟರು. ಬ್ಯಾಟರಿ ಕೊಟ್ಟವರು ಆ ಬಾವಿಯ ಪಕ್ಕ ಎರಡು ಗಂಟೆಯೂ ತಾವೇ ನಿಂತರು, ಕಾವಲಿಗೆ ಬೇರೆ ಯಾರೂ ಬೇಕಾಗಲಿಲ್ಲ.

ನೀರು ಸುಮ್ಮನೆ ಅಲುಗಾಡುತ್ತಿದ್ದರೆ ಐದು ನಿಮಿಷಕ್ಕೆ ಕಣ್ಣಿಗೆ ಸಾಕಾಗುತ್ತದೆ. ಬಾವಿಗೆ ಕಲ್ಲು ಹಾಕಿದ ಹಾಗೆ ಉಂಗುರ ಏಳಬೇಕಿತ್ತು. ಮೂರು ಕೋಲಿನ ಮುಕ್ಕಾಲಿಗೆ ಬಿಂದಿಗೆ ತೂಗುಹಾಕಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ಟಿನ ಕೊಳವೆಯನ್ನು ಅದರಿಂದ ಇಳಿಬಿಟ್ಟೆವು. ಅದರ ಚಕ್ರ ತಿರುಗಿಸಿದರೆ ಹನಿಯ ವೇಗ ಬೇಕಾದ ಹಾಗೆ ಬರುತ್ತದೆ. ನಾಲ್ಕು ಸೆಕೆಂಡಿಗೊಂದು ಹನಿ. ಟಪ್ ಅಂತ ಹನಿ ಬಿದ್ದ ಮರುಗಳಿಗೆ ಗೋಡೆಯ ಮೇಲೆ ಆಳುದ್ದದ ಬೆಳಕಿನ ಉಂಗುರ ಒಂದರೊಳಗೊಂದು ಅರಳಿ, ಗೋಡೆಯ ಅಂಚು ದಾಟಿ ಕತ್ತಲಿಗೆ ಹೋಗುತ್ತದೆ. ಗೋಡೆ ಮತ್ತೆ ನಿಶ್ಚಲವಾಗುವ ಹೊತ್ತಿಗೆ ಇನ್ನೊಂದು ಟಪ್. ಮೊದಲ ಸಲ ಶಾಲೆಯ ಹಿಂದೆ ಇದನ್ನು ನೋಡಿದಾಗ ನಾವ್ಯಾರೂ ಮಾತಾಡಲಿಲ್ಲ. ಗಾಳಿ ಬಂದರೆ ಮಾತ್ರ ಉಂಗುರವೆಲ್ಲ ಅಳಿಸಿಹೋಗುತ್ತಿತ್ತು. ಮೂರು ಬದಿಗೆ ಸಿಮೆಂಟ್ ಚೀಲ ಕಟ್ಟಿ ಮರೆ ಮಾಡಿದೆವು.

ಈ ದೀಪ ಗೋಡೆಗೆ ಕೊಡುವುದು ಹೆಚ್ಚೆಂದರೆ 15 ಲಕ್ಸ್. ಗೋದಾಮಿನ ಗೋಡೆಯಲ್ಲಿ 46 ಸಾಲದಾಗಿತ್ತು, ಇಲ್ಲಿ 15 ಧಾರಾಳ. ಆದರೆ ಒಂದೇ ಒಂದು ಬೀದಿದೀಪ ಉರಿದರೂ ಇದು ಇಲ್ಲ.

ಕತ್ತಲೆ ಕೇಳುವುದು

ಬೀದಿದೀಪ ಆರಿಸುವುದು ಸುಲಭದ ಮಾತಲ್ಲ. ಪಂಚಾಯ್ತಿಗೆ ಅರ್ಜಿ ಕೊಟ್ಟೆವು, ಎರಡು ಗಂಟೆ ಹೊತ್ತಿಗೆ ಒಪ್ಪಿದರು. ಸ್ವಿಚ್ಚು ಇರುವುದು ನೀರುಗಂಟಿಯ ಕೈಯಲ್ಲಿ. ಅವನಿಗೆ ಬಾವಿಗಳ ವಿಷಯ ಅಂದದ್ದೇ ಖುಷಿ. ತಡೆದವರು ಹೆಂಗಸರು. ‘ಹಬ್ಬದ ದಿನ ಊರೆಲ್ಲ ಕತ್ತಲೆ ಮಾಡಿದರೆ ಹೆಣ್ಣುಮಕ್ಕಳು ಹೆಂಗೆ ಓಡಾಡೋದು ಮೇಷ್ಟ್ರೇ?’ ನ್ಯಾಯವಾದ ಪ್ರಶ್ನೆ, ನನಗೆ ಹೊಳೆದೇ ಇರಲಿಲ್ಲ. ಅವರೇ ಪರಿಹಾರವನ್ನೂ ಹೇಳಿದರು: ದಾರಿಯುದ್ದಕ್ಕೂ ನೆಲದ ಮೇಲೆ ಹಣತೆ, ಪ್ರತಿ ಹಣತೆಗೆ ಗೋಡೆಯ ಕಡೆ ಒಂದು ಒಡೆದ ಹೆಂಚಿನ ಮರೆ. ಬೆಳಕು ಕಾಲಿಗೆ ಬೀಳುತ್ತದೆ, ಗೋಡೆಗೆ ಹೋಗುವುದಿಲ್ಲ. 150 ಹಣತೆ ಇಟ್ಟೆವು. ಕತ್ತಲೆಗೆ ಕಣ್ಣು ಹೊಂದಿಕೊಂಡವರಿಗೆ ಹಣತೆಯೇ ಹೆಚ್ಚು. ಹೈಮಾಸ್ಟಿನ ಕೆಳಗಿನಿಂದ ನೇರ ಬಂದವರಿಗೆ ಮಾತ್ರ ಐದು ನಿಮಿಷ ಏನೂ ಕಾಣುವುದಿಲ್ಲ. ಅದಕ್ಕೇ ಜನ ಬಾವಿಯಿಂದ ಬಾವಿಗೆ ನಡೆಯುವ ಮೆರವಣಿಗೆಯನ್ನು ಎಲ್ಲಕ್ಕಿಂತ ಕತ್ತಲೆ ಇರುವ ಕಡೆಯಿಂದ ಶುರುಮಾಡಿದೆವು, ಕಣ್ಣಿಗೆ ಹೊತ್ತು ಸಿಗಲಿ ಅಂತ.

ಸಿಹಿನೀರು ಬಾವಿ

ಇಷ್ಟರವರೆಗೆ ಇದು ನೀರು ಬೆಳಕಿನ ಲೆಕ್ಕ. ಇಲ್ಲಿಂದ ಮುಂದೆ ಅಲ್ಲ.

ಬಾವಿಗಳು ಎಲ್ಲಿದ್ದವೆಂದು ಕೇಳಲು ಮಕ್ಕಳು ಮನೆಮನೆಗೆ ಹೋಗಿದ್ದರು. ಸಿಹಿನೀರು ಬಾವಿಯ ಬಗ್ಗೆ ಎಲ್ಲರೂ ಹಾಡಿ ಹೊಗಳಿದರು. ಬೇಳೆ ಚೆನ್ನಾಗಿ ಬೇಯುತ್ತಿತ್ತು, ಬೇಸಿಗೆಯಲ್ಲೂ ಮೂರು ಮಾರು ನೀರಿರುತ್ತಿತ್ತು, ರಾಟೆಯ ಸದ್ದಿಗೇ ಊರು ಏಳುತ್ತಿತ್ತು. ಕೇರಿಗೆ ಹೋದಾಗ ಅರವತ್ತು ದಾಟಿದ ಒಬ್ಬ ಹೆಂಗಸು, ಮಕ್ಕಳ ಪಟ್ಟಿಯಲ್ಲಿದ್ದ ಹೆಸರನ್ನು ಕೇಳಿಸಿಕೊಂಡು, ನನ್ನ ಕಡೆ ತಿರುಗಿ ಅಂದರು: ‘ಆ ಬಾವಿ ನೆಪ್ಪು ನಮ್ಗೆ ಬ್ಯಾರೆ ಐತೆ ಸಾಮಿ. ನಾವು ಹತ್ರ ಹೋಗಂಗಿರ್ಲಿಲ್ಲ. ಹುಣಸೆ ಮರದ ತಾವ ಕೊಡ ಮಡಗ್ಕಂಡು ನಿಂತ್ಕತಿದ್ವಿ. ಯಾರಾನ ಮನಸ್ ಬಂದು ಉಯ್ದರೆ ಉಂಟು.’

ಮಕ್ಕಳು ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನಲ್ಲಿ, ದಲಿತರನ್ನು ಹತ್ತಿರ ಬಿಡದಿದ್ದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ನೀರು ಮುಟ್ಟಿದ್ದನ್ನು ಇವರು ಪಾಠದಲ್ಲಿ ಓದಿದ್ದಾರೆ. ತಮ್ಮ ಊರಿನ ಹುಣಸೆ ಮರದ ಕೆಳಗೂ ಅದೇ ಕಥೆ ಇತ್ತೆಂದು ಯಾರೂ ಹೇಳಿರಲಿಲ್ಲ. ನಾನು ಹೇಳಬೇಕಿತ್ತು. ಉಂಗುರ ಉಂಗುರವಾಗಿ ಅರಳುವ ಸುಂದರ ಬೆಳಕನ್ನು ಆ ಬಾವಿಯ ಮೇಲೆ ಹಾಗೇ ಆಡಿಸಿಬಿಟ್ಟಿದ್ದರೆ, ಅದು ಒಂದು ಸಿಹಿಯಾದ ಸುಳ್ಳಾಗುತ್ತಿತ್ತು.

ಏನು ಮಾಡಬಹುದೆಂದು ಕೇರಿಯ ಹೆಂಗಸರ ಜೊತೆ ಕೂತು ಮಾತಾಡಿದೆವು. ನಾನು ಒಂದು ಟಾರ್ಚ್ ತೆಗೆದುಕೊಂಡು ಹೋಗಿದ್ದೆ. ಗೋಡೆಗೆ ನೆರಳು ಬಿಟ್ಟು ತೋರಿಸಿದೆ: ದೀಪದ ಹತ್ತಿರ ಹೋದಷ್ಟೂ ನೆರಳು ದೊಡ್ಡದಾಗುತ್ತದೆ. ತೊಗಲುಗೊಂಬೆ ಆಡಿಸುವವರಿಗೆ ಇದು ಬೆರಳ ತುದಿಯ ವಿದ್ಯೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಚೂಪು, ದೀಪದ ಕಡೆ ಸರಿಸಿದರೆ ಬೆಳೆದು ಮಸುಕಾಗುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ಒಂದು ಪರದೆ ಒಂದು ದೀಪದಲ್ಲಿ ಊರನ್ನೇ ಕೂರಿಸುವ ಆ ವಿದ್ಯೆಗೆ ದೆಹಲಿಯ ಬಾಗಿಲು ಇನ್ನೊಮ್ಮೆ ತೆರೆಯಿತಲ್ಲ ಅಂತ ನನಗೆ ಸಂತೋಷವಾಗಿತ್ತು. ಬೆಳಕಿನ ಕಲೆಗೆ ದುಬಾರಿ ಯಂತ್ರವೇ ಬೇಕೆನ್ನುವವರು ಒಮ್ಮೆ ಆ ಆಟ ನೋಡಬೇಕು.

ಟಾರ್ಚಿನ ಆಟ ನೋಡುತ್ತಿದ್ದ ಒಬ್ಬ ಸೊಸೆ ಅಂದಳು: ‘ಹಂಗಾದ್ರೆ ನಾವು ನಿಂತ್ಕತಿದ್ದ ಜಾಗದಾಗೆ ದೀಪ ಇಡ್ರಿ. ಅಲ್ಲಿ ನಿಂತೋರು ದೊಡ್ಡೋರಾಗಿ ಕಾಣ್ಲಿ.’

ಹುಣಸೆ ಮರ ಈಗಿಲ್ಲ, ಬುಡವಿದೆ. ಬುಡದ ಹತ್ತಿರ ನೆಲಕ್ಕೆ ಒಂದಡಿ ಎತ್ತರದಲ್ಲಿ ಲೆನ್ಸ್ ತೆಗೆದ ಒಂದೇ ದೀಪ. ಅಲ್ಲಿಂದ ಬಾವಿಯ ಆಚೆಯ ಗೋಡೆಗೆ ಆರು ಮೀಟರ್. ದೀಪದಿಂದ ಎರಡು ಮೀಟರ್ ಮುಂದೆ ನಿಂತವರ ನೆರಳು ಮೂರು ಪಟ್ಟಾಗುತ್ತದೆ: ದೀಪ ಒಂದಡಿ ಮೇಲಿರುವುದರಿಂದ ಐದಡಿಯ ಹೆಂಗಸಿನ ತಲೆ ಗೋಡೆಯ ಮೇಲೆ ಹದಿಮೂರಡಿಗೆ ಮುಟ್ಟುತ್ತದೆ. ಆ ಗುರುತಿಗೆ ನೆಲದಲ್ಲಿ ಸುಣ್ಣದ ಗೆರೆ ಎಳೆದೆವು. ಬಾವಿಕಟ್ಟೆ ಇದ್ದ ಜಾಗದಲ್ಲಿ ನಿಂತವರು ಗೋಡೆಗೆ ಹತ್ತಿರವಿರುತ್ತಾರೆ, ಅವರ ನೆರಳು ಹೆಚ್ಚುಕಮ್ಮಿ ಅವರಷ್ಟೇ. ಅದೇ ಗೋಡೆಯ ಮೇಲೆ ನೀರಿನ ಉಂಗುರವೂ ಇರುತ್ತದೆ, ದೊಡ್ಡ ನೆರಳು ಅದರ ಮೇಲೆ ಹಾಯುತ್ತದೆ. ಬರಹ, ಫಲಕ ಏನೂ ಬೇಡವೆಂದು ಕೇರಿಯವರೇ ಹೇಳಿದರು. ಊರಿಗೆ ಗೊತ್ತಾಗುತ್ತದೆ ಅಂದರು.

ಒಣ ಬಾವಿಯೊಳಗೆ

ಎರವಲು ಪ್ರೊಜೆಕ್ಟರ್ ಇನ್ನೂ ಸುಮ್ಮನೆ ಕೂತಿತ್ತು. ಅದಕ್ಕೆ ಸಿಕ್ಕ ಜಾಗ ಊರ ಮುಂದಿನ ಒಣ ಬಾವಿ. ಬಾವಿಯೊಳಗೆ ಕತ್ತಲೆ ಇದ್ದೇ ಇದೆ, ಗಾಳಿ ಇಲ್ಲ, ಚೌಕಟ್ಟೂ ತಾನಾಗಿ ಆಗಿದೆ. ಹಳೇ ಬಾವಿಯಲ್ಲಿ ಕೆಟ್ಟ ಗಾಳಿ ನಿಂತಿರಬಹುದು, ಅದರಿಂದ ಯಾರನ್ನೂ ಕೆಳಗೆ ಇಳಿಸಲಿಲ್ಲ. ಜಾಲರಿಯ ಬಾಗಿಲನ್ನು ಹಗಲಲ್ಲಿ ಹಿರಿಯರ ಎದುರು ಒಮ್ಮೆ ತೆಗೆಸಿ ಪರದೆ ಇಳಿಸಿ, ಮತ್ತೆ ಬೀಗ ಹಾಕಿಸಿದೆವು. ಪರದೆ ಅಂದರೆ ತೋಟದ ಡ್ರಿಪ್ ಪೈಪನ್ನು ಆರಡಿಯ ಬಳೆಯಾಗಿ ಬಗ್ಗಿಸಿ, ಬಿಳೀ ಬಟ್ಟೆ ಹೊಲಿದು, ನಾಲ್ಕು ಹಗ್ಗದಲ್ಲಿ ತೂಗಿಬಿಟ್ಟದ್ದು. ಎಷ್ಟು ಆಳಕ್ಕೆ? ಅದನ್ನು ಹೇಳಿದ್ದು ಬಾವಿಯ ಎದುರು ಮನೆಯ ಅಜ್ಜಿ. ಜಗುಲಿಯಿಂದ ಎದ್ದು ಬಂದು, ಜಾಲರಿ ಹಿಡಿದುಕೊಂಡು ಬಗ್ಗಿ ನೋಡುತ್ತ, ‘ಇಳಿಸ್ರಪ್ಪ... ಇನ್ನೂ ಇಳಿಸಿ... ಹಾಂ. ಕಾರ್ತೀಕದಾಗೆ ಇಷ್ಟಕ್ಕಿರ್ತಿತ್ತು ನೀರು’ ಅಂದರು. ಅಳೆದರೆ ಹದಿನೈದಡಿ. ಅಲ್ಲೇ ಕಟ್ಟಿದೆವು.

ಲ್ಯಾಂಪಿನ ಪ್ರೊಜೆಕ್ಟರನ್ನು ನೆಟ್ಟಗೆ ಕೆಳಮುಖ ಮಾಡಬಾರದು, ಬಿಸಿ ಸರಿಯಾಗಿ ಹೊರಹೋಗದೆ ಲ್ಯಾಂಪು ಕೆಡುತ್ತದೆ. ರಾಟೆ ಹಾಕುತ್ತಿದ್ದ ಎರಡು ಕಲ್ಲುಕಂಬಗಳು ಇನ್ನೂ ಇದ್ದವು. ಅವುಗಳ ನಡುವೆ ಬೊಂಬು ಕಟ್ಟಿ, ರಾಟೆ ಇದ್ದಲ್ಲೇ 45 ಡಿಗ್ರಿಗೆ ಕನ್ನಡಿ ತೂಗುಹಾಕಿ, ಪಕ್ಕದ ಮೇಜಿನಿಂದ ಬೆಳಕನ್ನು ಅಡ್ಡಡ್ಡ ಬಿಟ್ಟು ಕೆಳಕ್ಕೆ ತಿರುಗಿಸಿದೆವು. ಕನ್ನಡಿಯಿಂದ ಚಿತ್ರ ಎಡಬಲ ಅದಲುಬದಲಾಗುತ್ತದೆ. ಪ್ರೊಜೆಕ್ಟರಿನ ಸೆಟ್ಟಿಂಗಿನಲ್ಲಿ ಪರದೆಯ ಹಿಂದಿನಿಂದ ಬಿಡುವ ಆಯ್ಕೆಯನ್ನು ಒತ್ತಿದರೆ ಸರಿಹೋಗುತ್ತದೆ. ಮಾಮೂಲಿ ಕನ್ನಡಿಯಲ್ಲಿ ಮೇಲಿನ ಗಾಜೂ ಸ್ವಲ್ಪ ಬೆಳಕನ್ನು ಹಿಂದಿರುಗಿಸುವುದರಿಂದ ಪ್ರತಿ ಗೆರೆಯ ಪಕ್ಕ ಇನ್ನೊಂದು ಮಸುಕು ಗೆರೆ ಬರುತ್ತದೆ. ಅಕ್ಷರವಾಗಿದ್ದರೆ ಗೊತ್ತಾಗುತ್ತಿತ್ತು, ಮುಖಗಳಾದ್ದರಿಂದ ಯಾರಿಗೂ ಕಾಣಲಿಲ್ಲ.

ಹೌದು, ಮುಖಗಳು. ಖಾಲಿ ಹಂಡೆಯ ತಳದಲ್ಲಿ ಮೊಬೈಲನ್ನು ಮೇಲ್ಮುಖವಾಗಿ ಇಟ್ಟು, ಊರಿನ 23 ಜನ ಹಿರಿಯರನ್ನು ಒಬ್ಬೊಬ್ಬರಾಗಿ ಬಗ್ಗಿ ನೋಡಲು ಹೇಳಿ ಸಂಜೆ ಹೊತ್ತಿನಲ್ಲಿ ಚಿತ್ರೀಕರಿಸಿದ್ದೆವು. ಹಂಡೆಯ ಬಾಯಿಯೇ ದುಂಡಗಿನ ಅಂಚು, ಸುತ್ತ ಹಂಡೆಯೊಳಗಿನ ಕತ್ತಲೆ. ಕಂಪ್ಯೂಟರಿನಲ್ಲಿ ಕತ್ತರಿಸುವ ಕೆಲಸವೇ ಬೀಳಲಿಲ್ಲ. ರಾತ್ರಿ ಬಾವಿಗೆ ಇಣುಕಿದ ಹುಡುಗನಿಗೆ ಕೆಳಗೆ ನೀರಿನ ಮಟ್ಟದಿಂದ ಅವನ ಅಜ್ಜ ಮೇಲಕ್ಕೆ ನೋಡುತ್ತಿರುತ್ತಾನೆ. ಬೆಳಕು ವಿಪರೀತವಾಗಿ, ವಿಡಿಯೊವನ್ನು ಅರ್ಧಕ್ಕಿಂತ ಮಂಕು ಮಾಡಬೇಕಾಯಿತು. ಗೋದಾಮಿಗೆ ಸಾಲದ ಅದೇ ಯಂತ್ರ.

ಶುದ್ಧ ನೀರಿನ ಘಟಕದ ಗೋಡೆಗೆ ಶಾಲೆಯ ಉಗ್ರಾಣದಲ್ಲಿದ್ದ ಹಳೇ ಓಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್) ಇಟ್ಟೆವು, 24 ವೋಲ್ಟ್ 250 ವ್ಯಾಟಿನ ಹೊಸ ಹ್ಯಾಲೋಜನ್ ಬಲ್ಬು ಹಾಕಿ. ಮಕ್ಕಳು ಪ್ಲಾಸ್ಟಿಕ್ ಹಾಳೆಯ ಮೇಲೆ ಮಾರ್ಕರಿನಲ್ಲಿ ಏಳು ಬಾವಿಗಳ ನಕ್ಷೆ ಬರೆದಿದ್ದರು. ಅದು ಚೆನ್ನಾಗಿ ಕಂಡಿತು.

ಆ ರಾತ್ರಿ

ಏಳಕ್ಕೆ ನೀರುಗಂಟಿ ಸ್ವಿಚ್ಚು ಎಳೆದ. ಊರು ಒಂದು ಕ್ಷಣ ‘ಹೋ’ ಅಂದಿತು, ಆಮೇಲೆ ಸುಮ್ಮನಾಯಿತು.

ಮೊದಲ ಕೆಡುಕು ಮೂರನೇ ಬಾವಿಯಲ್ಲಿ. ಡ್ರಿಪ್ಪಿನ ಕೊಳವೆಗೆ ಕಸ ಸಿಕ್ಕಿ ಹನಿ ನಿಂತಿತು. ಬಿಂದಿಗೆಯ ನೀರನ್ನು ಸೋಸಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಹುಡುಗನೊಬ್ಬ ಬೆರಳು ಅದ್ದಿ ತಾನೇ ಹನಿ ಹಾಕುತ್ತ ಕೂತ. ಯಾರೂ ಅವನನ್ನು ಎಬ್ಬಿಸಲಿಲ್ಲ. ಐದನೇ ಬಾವಿಯಲ್ಲಿ ಒಂದು ನಾಯಿ ಬಂದು ಹರಿವಾಣದ ನೀರು ಕುಡಿಯಿತು. ಗೋಡೆಯ ಮೇಲೆ ಅದರ ನಾಲಿಗೆಯ ಪ್ರತಿ ಎಳೆತಕ್ಕೂ ಬೆಳಕು ಚೂರಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಜನ ನಾಯಿಯನ್ನು ಓಡಿಸದೆ ಗೋಡೆಯನ್ನೇ ನೋಡಿದರು.

ರಸ್ತೆಯೊಳಗೆ ಸೇರಿಹೋದ ಬಾವಿಯ ಬಳಿ ಒಬ್ಬರು ಗದರಿದರು: ‘ಮೇಷ್ಟ್ರೇ, ಬಾವಿ ಇದ್ದಿದ್ದು ಅಲ್ಲಲ್ಲ. ಇನ್ನೂ ಮೂರೆಜ್ಜೆ ಈಚೆಗೆ.’ ಇನ್ನೊಬ್ಬರು ಇಲ್ಲ, ಅಲ್ಲೇ ಅಂದರು. ಹತ್ತು ನಿಮಿಷ ವಾದ ನಡೆಯಿತು. ಯಾರದೋ ಮನೆಯ ಹೊಸಿಲಿನಿಂದ ಹೆಜ್ಜೆ ಎಣಿಸಿದರು. ಕಡೆಗೆ ನಾಲ್ಕು ಜನ ಸೇರಿ ತುಂಬಿದ ಹರಿವಾಣವನ್ನು ತುಳುಕದ ಹಾಗೆ ಎತ್ತಿ ಮೂರಡಿ ಈಚೆಗೆ ಇಟ್ಟರು. ಬೆಳಕು ಗೋಡೆ ಬಿಟ್ಟು ಕಿಟಕಿಯ ಮೇಲೆ ಹೋಯಿತು. ದೀಪದ ಕೋನ ಬದಲಿಸಲು ನಾನು ಬಗ್ಗಿದರೆ, ‘ಇರಲಿ ಬಿಡಿ, ಬಾವಿ ಸರಿಯಾದ ಜಾಗದಾಗೈತೆ’ ಅಂದರು. ಹಾಗೇ ಬಿಟ್ಟೆ.

ಸಿಹಿನೀರು ಬಾವಿಯಲ್ಲಿ ಮೊದಲು ಸುಣ್ಣದ ಗೆರೆಯ ಮೇಲೆ ನಿಂತವರು ಮಕ್ಕಳಿಗೆ ಆ ಮಾತು ಹೇಳಿದ್ದ ಹೆಂಗಸೇ. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದರು. ಗೋಡೆಯ ಮೇಲೆ ಹದಿಮೂರಡಿಯ ಹೆಂಗಸು, ಕೊಡದ ಸಮೇತ, ನೀರಿನ ಉಂಗುರಗಳ ನಡುವೆ ನಿಂತಳು. ಆಮೇಲೆ ಅವರ ಸೊಸೆ, ಆಮೇಲೆ ಇನ್ನೂ ಮೂವರು. ನಮ್ಮ ಬೀದಿಯ ಒಬ್ಬ ಹಿರಿಯರು ತಲೆ ತಗ್ಗಿಸಿಕೊಂಡು ಹೊರಟುಹೋದರು. ಇನ್ನೊಬ್ಬರು, ಎಂಬತ್ತರ ಹತ್ತಿರದವರು, ಕಟ್ಟೆ ಇದ್ದ ಜಾಗದಲ್ಲಿ ನಿಂತು ತಮ್ಮ ಚಿಕ್ಕ ನೆರಳನ್ನೂ ಆ ದೊಡ್ಡ ನೆರಳನ್ನೂ ಬಹಳ ಹೊತ್ತು ನೋಡಿದರು. ‘ನಮ್ಮಮ್ಮ ಉಯ್ತಿರ್ಲಿಲ್ಲ’ ಅಂದರು, ಯಾರನ್ನೂ ನೋಡದೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಎಂಟೂ ಹತ್ತಕ್ಕೆ ಹನಿ ಶುರುವಾಯಿತು. ಪ್ರೊಜೆಕ್ಟರಿಗೂ ಓಎಚ್‌ಪಿಗೂ ಪ್ಲಾಸ್ಟಿಕ್ ಹೊದಿಸಿ ಆರಿಸಿದೆವು. ಹರಿವಾಣಗಳನ್ನು ಮುಚ್ಚಲು ಓಡಿದ ಮಕ್ಕಳು ಅರ್ಧದಾರಿಯಲ್ಲೇ ನಿಂತುಬಿಟ್ಟರು. ಮಳೆಯ ಪ್ರತಿ ಹನಿಯೂ ಹರಿವಾಣದಲ್ಲಿ ಒಂದು ಉಂಗುರ. ಗೋಡೆಯ ತುಂಬ ನೂರಾರು ಬೆಳಕಿನ ಉಂಗುರಗಳು ಒಂದರ ಮೇಲೊಂದು ಅರಳಿ ಒಡೆಯುತ್ತಿದ್ದವು, ಐದು ಬೀದಿಯಲ್ಲಿ ಐದು ಗೋಡೆಯ ಮೇಲೆ. ಹತ್ತು ನಿಮಿಷ. ಸೆರಗು, ಟವಲ್ಲು ತಲೆಗೆ ಹಾಕಿಕೊಂಡು ಜನ ಮಳೆಯಲ್ಲೇ ನಿಂತರು. ನಾನು ತಿಂಗಳುಗಟ್ಟಲೆ ತಯಾರಿ ಮಾಡಿ ತೋರಿಸಿದ್ದಕ್ಕಿಂತ ಆ ಮಳೆ ತೋರಿಸಿದ್ದು ದೊಡ್ಡದಾಗಿತ್ತು. ಮುಂದೆ ಇದನ್ನು ಮಾಡುವವರು ಸಣ್ಣ ಮಳೆಗೆ ಹರಿವಾಣ ಮುಚ್ಚಬೇಡಿ.

ಖರ್ಚಿನ ವಿವರ: ಬೈಕಿನ ದೀಪ ಏಳು, ಒಂದು ಹೆಚ್ಚಿಗೆ ಸೇರಿ, 2,240 ರೂಪಾಯಿ. ಐದು ಸಣ್ಣ ಕನ್ನಡಿ 550, ಬಾವಿಯ ದೊಡ್ಡ ಕನ್ನಡಿ 450, ಡ್ರಿಪ್ ಸೆಟ್ಟು 150. ಹ್ಯಾಲೋಜನ್ ಬಲ್ಬು 400, ಹಾಳೆ ಮಾರ್ಕರಿಗೆ 310, ಬಟ್ಟೆಗೆ 540, ಬಣ್ಣ ಟೇಪಿಗೆ 380, ಹಣತೆಗೆ 300. ಪ್ರೊಜೆಕ್ಟರ್ ತಂದು ವಾಪಸ್ ಮುಟ್ಟಿಸಿದ ಆಟೋಗೆ 700. ಮಕ್ಕಳ ಮಂಡಕ್ಕಿ, ಬೋಂಡ, ಟೀಗೆ 850. ಹರಿವಾಣ, ಬಿಂದಿಗೆ, ಬ್ಯಾಟರಿ, ಪೈಪು, ಬೊಂಬು, ಹಗ್ಗ ಎಲ್ಲ ಊರಿನವೇ. ಉಳಿದ 1,130 ರೂಪಾಯಿ ಶಾಲೆಯ ಬೀರುವಿನಲ್ಲಿದೆ.

ಒಂಬತ್ತಕ್ಕೆ ಬೀದಿದೀಪ ಬಂತು. ಊರ ಮುಂದೆ ಮೇಜು ಎತ್ತಿಡುತ್ತಿದ್ದಾಗ ಎದುರು ಮನೆಯ ಅಜ್ಜಿ ಮೊಮ್ಮಗನನ್ನು ಕಳಿಸಿದರು. ಸಿಹಿನೀರು ಬಾವಿಯ ಮುಕ್ಕಾಲಿಗೆ ತೂಗುಹಾಕಿದ್ದ ಬಿಂದಿಗೆಯಲ್ಲಿ ನೀರು ಉಳಿದಿದೆಯಾ ಅಂತ ಕೇಳಿಸಿದ್ದರು. ಅರ್ಧ ಬಿಂದಿಗೆ ಇತ್ತು. ಅದು ಬೆಳಿಗ್ಗೆ ನಲ್ಲಿಯಲ್ಲಿ ಹಿಡಿದ ಕೊಳವೆ ಬಾವಿಯ ನೀರು ಎಂದೆ. ಹುಡುಗ ಹೋಗಿ ಹೇಳಿ ಮತ್ತೆ ಬಂದ. ‘ಇಷ್ಟೊತ್ತು ಬಾವಿ ಮ್ಯಾಲಿತ್ತಲ್ಲ, ತಗಂಬಾ ಅಂದ್ರು’ ಅಂದ. ಹಂಡೆಗೆ ಸುರಿಯುವ ಸದ್ದು ಬೀದಿಯವರೆಗೂ ಕೇಳಿಸಿತು. ಬೆಳಿಗ್ಗೆ ಆ ಮನೆಯವರು ಎಣ್ಣೆಸ್ನಾನ ಮಾಡಿದ್ದು ಅದೇ ಹಂಡೆಯ ನೀರಿನಲ್ಲಿ.